ಎಪ್ಪತ್ತೆರಡು ಊಟಗಳ ಪರೀಕ್ಷೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನಿಂದ ಫೋನ್ ಮಾಡಿದ್ದಳು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತವಳು, ಈಗ ಅಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. "ಮಾಷ್ಟ್ರೇ, ನಾಳೆ ಕಾಲೇಜಿನಲ್ಲಿ ದೊಡ್ಡ ಊಟ ಉಂಟು. ಎದುರಿಗೆ ಮೂರು ಮೂರು ಚಮಚ, ಚೂರಿ, ಮುಳ್ಳುಚಮಚ ಇಡ್ತಾರಂತೆ. ಅದನ್ನಾದರೂ ಪಕ್ಕದವರನ್ನು ನೋಡಿ ಕಲೀಬಹುದು. ಆದ್ರೆ ತಟ್ಟೆಯಲ್ಲಿ ಏನುಂಟು ಅಂತ ಕೇಳಿದ್ರೆ ತಪ್ಪಾಗ್ತದಾ?" ಎಂದಳು. ನಾನು ಇಂಗ್ಲೆಂಡ್ ನೋಡಿದವನಲ್ಲ. ಆದರೆ ಇದೇ ಪ್ರಶ್ನೆ ಕೇಳಲು ಹೋಗಿ ಹೋಟೆಲಿನಿಂದ ಎದ್ದು ಹೊರಗೆ ನಡೆಯಬೇಕಾಗಿ ಬಂದ ಒಬ್ಬ ವಿದ್ಯಾರ್ಥಿಯ ಕಥೆ ನನಗೆ ಗೊತ್ತಿತ್ತು. ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತೇನೆ, ನಮ್ಮ ಉಳಿದ ಮಕ್ಕಳಿಗೂ ಆದೀತು.

ಆ ವಿದ್ಯಾರ್ಥಿ ಮೋಹನದಾಸ ಗಾಂಧಿ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ, ಮದ್ಯ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿ ಹೊರಟಿದ್ದರು. ಹಡಗಿನಲ್ಲೇ ಕಷ್ಟ ಶುರುವಾಯಿತು. ಚೂರಿ, ಮುಳ್ಳುಚಮಚ ಹಿಡಿಯಲು ಬಾರದು, ಯಾವ ತಿಂಡಿಯಲ್ಲಿ ಮಾಂಸ ಇಲ್ಲವೆಂದು ಕೇಳಲು ಧೈರ್ಯ ಸಾಲದು. ಹಾಗಾಗಿ ಊಟದ ಮೇಜಿನ ಹತ್ತಿರವೇ ಸುಳಿಯದೆ, ಮನೆಯಿಂದ ಕಟ್ಟಿಕೊಂಡು ಹೋದ ಸಿಹಿತಿಂಡಿ, ಹಣ್ಣು ತಿಂದು ಕೋಣೆಯೊಳಗೇ ದಿನ ಕಳೆದರು. ಹೊಸ ಶಾಲೆಗೆ ಸೇರಿದ ಮಗು ಮಧ್ಯಾಹ್ನದ ಊಟದ ಸಾಲಿಗೆ ಬಾರದೆ ತರಗತಿಯಲ್ಲೇ ಕೂತಿರುವುದನ್ನು ನಾವು ಅಧ್ಯಾಪಕರು ಎಷ್ಟು ಸಲ ಕಂಡಿಲ್ಲ!

ಲಂಡನ್ನಿನಲ್ಲಿ ಬೆಳಿಗ್ಗೆ ಓಟ್ಸ್ ಗಂಜಿ ಸಿಗುತ್ತಿತ್ತು, ಅದರಿಂದ ಹೊಟ್ಟೆಯೂ ತುಂಬುತ್ತಿತ್ತು. ಮಧ್ಯಾಹ್ನ ಮತ್ತು ರಾತ್ರಿ ಮಾತ್ರ ಪಾಲಕ್ ಸೊಪ್ಪು, ಬ್ರೆಡ್ಡು, ಜಾಮ್. ಒಳ್ಳೆಯ ಹಸಿವಿನ ಹುಡುಗ. ಆದರೆ ಎರಡು ಮೂರು ತುಂಡು ಬ್ರೆಡ್ಡಿಗಿಂತ ಹೆಚ್ಚು ಕೇಳಲು ನಾಚಿಕೆ. ಮುಂದೆ ಉಳಿದುಕೊಂಡ ಮನೆಯಲ್ಲಿ ಯಜಮಾನತಿಯ ಹೆಣ್ಣುಮಕ್ಕಳು ಕರುಣೆಯಿಂದ ಒಂದೆರಡು ತುಂಡು ಹೆಚ್ಚಿಗೆ ಹಾಕುತ್ತಿದ್ದರಂತೆ. ಇಡೀ ಬ್ರೆಡ್ಡು ಕೊಟ್ಟರೂ ಮುಗಿಯುತ್ತಿತ್ತೆಂದು ಅವರಿಗೇನು ಗೊತ್ತು, ಎಂದು ಆತ್ಮಕಥೆಯಲ್ಲಿ ಗಾಂಧೀಜಿಯೇ ಬರೆದಿದ್ದಾರೆ.

ಇನ್ನು ಆ ಹೋಟೆಲಿನ ಪ್ರಸಂಗ. ಗೆಳೆಯನೊಬ್ಬ ನಾಟಕಕ್ಕೆ ಕರೆದುಕೊಂಡು ಹೋಗುವ ಮೊದಲು ಹಾಲ್ಬೊರ್ನ್ ರೆಸ್ಟೋರೆಂಟ್ ಎಂಬ ಅರಮನೆಯಂಥ ಹೋಟೆಲಿನಲ್ಲಿ ಊಟಕ್ಕೆ ಕೂರಿಸಿದ. ಇಷ್ಟು ಜನರ ನಡುವೆ ಸಂಕೋಚದಿಂದಾದರೂ ಬಾಯಿ ಮುಚ್ಚಿಕೊಂಡು ತಿಂದಾನು ಎಂಬುದು ಅವನ ಲೆಕ್ಕ. ಮೊದಲು ಸೂಪು ಬಂತು. ಇದು ಯಾವುದರ ಸೂಪೋ ಎಂದು ಗಾಂಧಿ ಮಾಣಿಯನ್ನು ಕರೆದರು. ಗೆಳೆಯ ಕಣ್ಣು ಕೆಂಪು ಮಾಡಿ ಏನೆಂದು ಕೇಳಿದ. ತರಕಾರಿ ಸೂಪು ಹೌದೋ ಅಲ್ಲವೋ ವಿಚಾರಿಸಬೇಕಿತ್ತು, ಎಂದರು ಇವರು. ಸಭ್ಯರ ನಡುವೆ ಇರಲು ನೀನು ಲಾಯಕ್ಕಲ್ಲ, ಬೇರೆ ಎಲ್ಲಾದರೂ ತಿಂದು ಹೊರಗೆ ಕಾಯುತ್ತಿರು ಎಂದುಬಿಟ್ಟ ಗೆಳೆಯ. ಗಾಂಧಿ ಸಂತೋಷವಾಗಿಯೇ ಎದ್ದರು. ಹತ್ತಿರದಲ್ಲೊಂದು ಸಸ್ಯಾಹಾರಿ ಹೋಟೆಲಿತ್ತು, ಆದರೆ ಮುಚ್ಚಿತ್ತು. ಆ ರಾತ್ರಿ ಉಪವಾಸ.

ಬರೇ ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ? ಇದಕ್ಕೆ ಒಂದು ಹಿನ್ನೆಲೆ ಇದೆ. ಬ್ರಿಟನ್ನಿನ ದೊಡ್ಡ ಮನೆಗಳಲ್ಲಿ ಮೊದಲು ಹಲವಾರು ಪದಾರ್ಥಗಳನ್ನು ಒಟ್ಟಿಗೆ ಮೇಜಿನ ಮೇಲೆ ಹರಡಿ ಇಡುತ್ತಿದ್ದರು. ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳಬಹುದಿತ್ತು. ನಮ್ಮ ಬಾಳೆಲೆಯ ಹಾಗೆ, ಎಲ್ಲವೂ ಕಣ್ಣೆದುರಿಗೆ. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯನ್ ಪದ್ಧತಿ ಎಂಬುದು ಹಬ್ಬಿತು. ಸೂಪು, ಮೀನು, ಮಾಂಸ, ಸಿಹಿ ಎಂದು ಒಂದರ ನಂತರ ಒಂದನ್ನು ಮಾಣಿಗಳು ತಂದು ಬಡಿಸುವುದು. ಸಾಲು ಸಾಲು ಚಮಚ ಇಡುವುದೂ ಇದರಿಂದಲೇ. ಹೊರಗಿನಿಂದ ಒಳಕ್ಕೆ, ಒಂದೊಂದು ಸರದಿಗೆ ಒಂದೊಂದು ಜೊತೆ. ದೊಡ್ಡ ಹೋಟೆಲುಗಳ ಪಟ್ಟಿ ಫ್ರೆಂಚಿನಲ್ಲಿ ಬೇರೆ. ಮುಂದಿನ ಸರದಿಯಲ್ಲಿ ಏನು ಬರುತ್ತದೆ, ಹೇಗೆ ತಿನ್ನಬೇಕು ಎಂಬುದು ಗೊತ್ತಿರುವವನೇ ಸಭ್ಯ. ಕೇಳಿದನೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಹೊಸಬರ ಪಾಲಿಗೆ ಇದಕ್ಕಿಂತ ಕಠಿಣ ಪದ್ಧತಿ ಬೇಡ ಎಂದು ನನಗನಿಸುತ್ತದೆ.

ತಮಾಷೆಯೆಂದರೆ ಗಾಂಧಿ ಕಲಿಯಲು ಹೋದ ವಿದ್ಯೆಯಲ್ಲೇ ಊಟ ಒಂದು ಪಾಠವಾಗಿತ್ತು. ಬ್ಯಾರಿಸ್ಟರ್ ಆಗಬೇಕಾದರೆ ಲಂಡನ್ನಿನ ನಾಲ್ಕು ಇನ್‌ಗಳಲ್ಲಿ ಒಂದಕ್ಕೆ ಸೇರಬೇಕು: ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್. ಇನ್ ಎಂದರೆ ಹೋಟೆಲಲ್ಲ, ವಕೀಲರ ಹಳೆಯ ಸಂಘ. ಗಾಂಧಿ 1888ರ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಸೇರಿದರು. ಪರೀಕ್ಷೆ ಪಾಸಾದರೆ ಸಾಲದು, ಹನ್ನೆರಡು ಟರ್ಮ್ ಪೂರೈಸಬೇಕು. ಪೂರೈಸುವುದೆಂದರೆ ಪ್ರತಿ ಟರ್ಮಿನ ಸುಮಾರು ಇಪ್ಪತ್ತನಾಲ್ಕು ಭೋಜನಗಳಲ್ಲಿ ಕನಿಷ್ಠ ಆರಕ್ಕೆ ಹಾಜರಾಗುವುದು. ಹನ್ನೆರಡಾರಲಿ ಎಪ್ಪತ್ತೆರಡು! ಉಣ್ಣಲೇಬೇಕೆಂದೇನಿಲ್ಲ, ಸರಿಯಾದ ಹೊತ್ತಿಗೆ ಬಂದು ಮುಗಿಯುವ ತನಕ ಕೂತಿರಬೇಕು. ಹಿಂದೆ ವಿದ್ಯಾರ್ಥಿಗಳು ಕೆಲವೇ ಮಂದಿ ಇದ್ದಾಗ, ಬೆಂಚರ್ ಎನ್ನುವ ಹಿರಿಯ ವಕೀಲರೊಂದಿಗೆ ಉಣ್ಣುತ್ತಾ, ಮಾತಾಡುತ್ತಾ ವೃತ್ತಿಯನ್ನೂ ಲೋಕವನ್ನೂ ಕಲಿಯುತ್ತಿದ್ದರು. ಒಂದು ರೀತಿಯ ಗುರುಕುಲ. ಕಾಲಕ್ರಮದಲ್ಲಿ ಪಾಠ ಹೋಯಿತು, ಊಟ ಉಳಿಯಿತು. ಎಲ್ಲರಿಗೂ ಪರೀಕ್ಷೆ ಕಡ್ಡಾಯವಾದದ್ದೇ 1872ರಲ್ಲಿ. ಗಾಂಧಿಯ ಕಾಲಕ್ಕೆ ಬೆಂಚರುಗಳು ಬೇರೆ ಮೇಜಿನಲ್ಲಿ ಕೂರುತ್ತಿದ್ದರು. ಈ ಊಟಗಳಿಂದ ವಕೀಲಿಕೆಗೆ ಏನು ಯೋಗ್ಯತೆ ಬಂತೆಂದು ತಮಗೆ ಕೊನೆಗೂ ತಿಳಿಯಲಿಲ್ಲ ಎನ್ನುತ್ತಾರೆ ಅವರು.

ಒಂದು ಊಟಕ್ಕೆ ಎರಡೂವರೆಯಿಂದ ಮೂರೂವರೆ ಶಿಲ್ಲಿಂಗ್. ಅದರಲ್ಲಿ ಗಾಂಧಿ ತಿನ್ನಬಹುದಾದ್ದು ಬ್ರೆಡ್ಡು, ಬೇಯಿಸಿದ ಬಟಾಟೆ, ಕ್ಯಾಬೇಜು ಅಷ್ಟೆ. ಮೊದಮೊದಲು ಅದೂ ಸೇರಲಿಲ್ಲ, ಬರಿಹೊಟ್ಟೆಯಲ್ಲಿ ಏಳುತ್ತಿದ್ದರು. ಆದರೂ ಅವರಿಗೆ ಬೇಡಿಕೆ ಬಹಳ! ನಾಲ್ವರ ಗುಂಪಿಗೆ ಎರಡು ಬಾಟಲಿ ವೈನ್ ಕೊಡುವುದು ಕ್ರಮ. ಇವರು ಗುಂಪಿನಲ್ಲಿದ್ದರೆ ಎರಡು ಬಾಟಲಿ ಮೂವರಿಗೇ. ಟರ್ಮಿಗೊಮ್ಮೆ ನಡೆಯುವ, ಷಾಂಪೇನ್ ಹರಿಯುವ ವಿಶೇಷ ರಾತ್ರಿಗಂತೂ ತಪ್ಪದೆ ಬರಬೇಕೆಂದು ಒತ್ತಾಯ.

ಅವರಲ್ಲಿ ಬಂದ ಬದಲಾವಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡದ್ದು ಅಲ್ಲಿ. ಅಲ್ಲೇ ಒಂದು ಶಿಲ್ಲಿಂಗ್ ಕೊಟ್ಟು ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕ ಕೊಂಡರು. ಇಂಗ್ಲಿಷರಲ್ಲೂ ಮಾಂಸ ಬಿಟ್ಟವರಿದ್ದಾರೆ, 1847ರಿಂದಲೇ ಅವರಿಗೊಂದು ಸಂಘ ಇದೆ! ಅಲ್ಲಿಯವರೆಗೆ ತಾಯಿಗೆ ಕೊಟ್ಟ ಮಾತಾಗಿದ್ದದ್ದು ಈಗ ಸ್ವಂತ ನಂಬಿಕೆಯೂ ಆಯಿತು. ಕೇಳುವ ನಾಚಿಕೆಯೂ ಬಿಟ್ಟಿತು. ಪಾರ್ಸಿ ವಿದ್ಯಾರ್ಥಿಯೊಬ್ಬರೊಂದಿಗೆ ಸೇರಿ ಇನ್ನರ್ ಟೆಂಪಲಿಗೆ ಒಂದು ಅರ್ಜಿ ಕೊಟ್ಟರು: ಬೆಂಚರುಗಳ ಮೇಜಿಗೆ ಹೋಗುವ ಸಸ್ಯಾಹಾರದ ಪದಾರ್ಥಗಳನ್ನು ನಮಗೂ ಕೊಡಿಸಿ ಎಂದು. ಮಂಜೂರಾಯಿತು. ಹಣ್ಣು, ಬೇರೆ ತರಕಾರಿಗಳು ಬರತೊಡಗಿದವು. ಸೂಪಿನ ಬಗ್ಗೆ ಕೇಳಿ ಬೈಸಿಕೊಂಡ ಹುಡುಗನೇ ಈ ಅರ್ಜಿದಾರ. ಅರ್ಜಿ ಎಂದಾಗ ನಮಗೆ, ಗಡಿಯಾಚೆಯ ಕನ್ನಡ ಶಾಲೆಗಳವರಿಗೆ, ಪಠ್ಯಪುಸ್ತಕಕ್ಕಾಗಿ ಬರೆದ ಅರ್ಜಿಗಳು ನೆನಪಾಗದಿರುವುದಿಲ್ಲ, ಇರಲಿ.

ಎಲ್ಲರಿಗೂ ಇಂಥ ಅನುಕೂಲ ಒದಗಲಿಲ್ಲ. 1916ರಲ್ಲಿ ಗ್ರೇಸ್ ಇನ್ ಸೇರಿದ ಅಂಬೇಡ್ಕರರು ಲಂಡನ್ನಿನ ಬೋರ್ಡಿಂಗ್ ಮನೆಯಲ್ಲಿ ಅರೆಹೊಟ್ಟೆಯಲ್ಲಿ ಓದಿದವರು. ರಾತ್ರಿ ಹಸಿವಾದಾಗ ಪರಿಚಿತರು ಕೊಟ್ಟ ಹಪ್ಪಳ ಕಾಯಿಸಿಕೊಂಡು, ಒಂದು ಲೋಟ ಹಾಲು ಕುಡಿದು ಮತ್ತೆ ಓದಿಗೆ ಕೂರುತ್ತಿದ್ದರೆಂದು ಜೀವನಚರಿತ್ರೆಕಾರ ಧನಂಜಯ ಕೀರ್ ಬರೆದಿದ್ದಾರೆ.

ನನ್ನ ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟು: ಧೈರ್ಯವಾಗಿ ಕೇಳು. ಬ್ರಿಟನ್ನಿನಲ್ಲಿ ಈಗ ಊಟಕ್ಕೆ ಕರೆಯುವಾಗಲೇ ಏನು ತಿನ್ನುವುದಿಲ್ಲ ಎಂದು ಕೇಳುವ ರೂಢಿ ಇದೆ. 2014ರ ಡಿಸೆಂಬರಿನಿಂದ ಹೋಟೆಲುಗಳವರು ಅಲರ್ಜಿ ತರುವ ಹದಿನಾಲ್ಕು ಬಗೆಯ ಪದಾರ್ಥಗಳಲ್ಲಿ ಯಾವುದು ತಿಂಡಿಯಲ್ಲಿದೆ ಎಂದು ತಿಳಿಸಬೇಕೆಂಬ ನಿಯಮವೂ ಬಂದಿದೆ. ಮಾಣಿಯನ್ನು ಕರೆದರೆ ಈಗ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಮರುದಿನ ಅವಳ ಮೆಸೇಜು ಬಂತು. ಕೇಳಿದಳಂತೆ. ಅಣಬೆಯ ಸೂಪಂತೆ.

ಗಾಂಧಿ 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 12ರಂದು ಊರಿಗೆ ಹೊರಟರು. ಹೊರಡುವ ಮುನ್ನ ಸಸ್ಯಾಹಾರಿ ಗೆಳೆಯರಿಗೆಲ್ಲ ಒಂದು ಔತಣ ಕೊಟ್ಟರು. ಎಲ್ಲಿ ಗೊತ್ತೇ? ಅದೇ ಹಾಲ್ಬೊರ್ನ್ ರೆಸ್ಟೋರೆಂಟಿನಲ್ಲಿ. ಮಾಂಸದ ಹೋಟೆಲಿನವರಿಂದ ಪೂರ್ತಿ ಸಸ್ಯಾಹಾರದ ಅಡಿಗೆ ಮಾಡಿಸಿ ಬಡಿಸಿದರು. ಊಟದ ಕೊನೆಗೆ ಭಾಷಣ ಮಾಡುವುದೂ ಅಲ್ಲಿನ ಕ್ರಮ. ಒಂದು ನಗೆಕಥೆ ಹೇಳಿ ನಾಲ್ಕು ಮಾತಾಡಬೇಕೆಂದು ತಯಾರಾಗಿ ಎದ್ದು ನಿಂತರು. ಮೊದಲ ವಾಕ್ಯಕ್ಕೇ ಎಲ್ಲ ಮರೆತುಹೋಯಿತು. ಬಂದದ್ದಕ್ಕೆ ವಂದನೆ ಹೇಳಿ ಕೂತುಬಿಟ್ಟರು.