ಕೆರೆ ಇದ್ದೂ ಸಿಗದ ಕಡತ

ಕೆರೆ ನೀರಾವರಿಯ ಬಗ್ಗೆ ಮಾಹಿತಿ ಹುಡುಕಿಕೊಂಡು ಹೋದಾಗ ಹಿರಿಯ ಅಧ್ಯಾಪಕರೊಬ್ಬರು ನನ್ನ ಕೈಗೆ ಒಂದು ಸಿ.ಡಿ. ಕೊಟ್ಟರು. 2003ರಲ್ಲಿ ಅವರು ಹಳ್ಳಿ ಹಳ್ಳಿ ತಿರುಗಿ ನೀರುಗಂಟಿಗಳನ್ನು ಮಾತನಾಡಿಸಿದ್ದರು. ಧ್ವನಿಸುರುಳಿಗಳಿಗೆ ಬೂಷ್ಟು ಹಿಡಿದಿತ್ತು, ಮುದ್ರಿತ ಪ್ರತಿ ಯಾರೋ ಓದಲು ಒಯ್ದದ್ದು ಮರಳಿ ಬಂದಿರಲಿಲ್ಲ. ಉಳಿದಿದ್ದದ್ದು ಬೆರಳಚ್ಚು ಮಾಡಿಸಿದ ಕಡತ ಮಾತ್ರ.

ಕಡತ ತೆರೆದರೆ ಅಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಫ್ರೆಂಚಿನಲ್ಲಿ ಕಾಣುವಂತಹ ಗೆರೆ ಹೊತ್ತ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಹಳೆಯ ನುಡಿ ತಂತ್ರಾಂಶದ ಫಾಂಟ್ ಹಾಕಿಕೊಂಡ ಮೇಲೆ ಸಾಲುಗಳೆಲ್ಲ ಕನ್ನಡವಾದವು. ನೆಮ್ಮದಿಯಿಂದ ‘ಕೆರೆ’ ಎಂದು ಹುಡುಕು ಕೊಟ್ಟೆ. ಪರದೆಯ ಮೇಲೆ ನಾಲ್ಕೈದು ಕಡೆ ಆ ಪದ ಕಣ್ಣಿಗೇ ಕಾಣುತ್ತಿತ್ತು. ಕಂಪ್ಯೂಟರ್ ಮಾತ್ರ ‘ಸಿಗಲಿಲ್ಲ’ ಎಂದಿತು.

ಅದು ಸುಳ್ಳು ಹೇಳಿರಲಿಲ್ಲ. ಆ ಕಡತದಲ್ಲಿ ‘ಕೆರೆ’ ಎಂಬುದು ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ದೊಡ್ಡ ಇ, ಸಣ್ಣ ಜಿ, ಮತ್ತೆ ಅದೇ ಇ. ಪಿ ಎಂದರೆ ತಲೆಕಟ್ಟಿಲ್ಲದ ‘ಕ’ದ ಒಡಲು, ಗೆರೆಯಿರುವ ಇ ಎಂದರೆ ಎತ್ವ. ಕಂಪ್ಯೂಟರಿನ ಪಾಲಿಗೆ ಅದೊಂದು ಅರ್ಥವಿಲ್ಲದ ಇಂಗ್ಲಿಷ್ ಪದ, ಫಾಂಟ್ ಎಂಬ ವೇಷ ತೊಡಿಸಿದಾಗ ನಮಗೆ ಕನ್ನಡದಂತೆ ಕಾಣುತ್ತದೆ, ಅಷ್ಟೇ.

ಹೀಗೇಕೆ ಆಯಿತು ಎಂಬುದಕ್ಕೆ ಉತ್ತರ ಅಚ್ಚುಮೊಳೆಗಳ ಕಾಲಕ್ಕೆ ಹೋಗುತ್ತದೆ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯಿತು, 1894ರಲ್ಲಿ ಕಿಟೆಲ್ ನಿಘಂಟು ಮಂಗಳೂರಿನಿಂದಲೇ ಹೊರಬಂತು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡಕ್ಕೆ ಸಾವಿರಾರು ರೂಪಗಳು. ಪ್ರತಿಯೊಂದಕ್ಕೂ ಮೊಳೆ ಎರಕ ಹೊಯ್ಯುವುದು ಆಗದ ಮಾತು. ಹಾಗಾಗಿ ಅಕ್ಷರವನ್ನು ಒಡೆದು ಒಡಲು, ಗುಣಿತದ ಚಿಹ್ನೆ, ಒತ್ತು ಎಂದು ಬೇರೆ ಬೇರೆ ಮೊಳೆ ಜೋಡಿಸುವ ಉಪಾಯ ಬಂತು. ಬೆರಳಚ್ಚು ಯಂತ್ರವೂ ಇದೇ ದಾರಿ ಹಿಡಿಯಿತು. ಅಲ್ಲಿ ನಾವು ಅಕ್ಷರವನ್ನು ಬರೆಯುವುದಿಲ್ಲ, ತುಂಡು ತುಂಡಾಗಿ ಚಿತ್ರಿಸುತ್ತೇವೆ.

ಮಂಗಳೂರು ಕಡೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಕೀಲಿಮಣೆ ಈ ಅಭ್ಯಾಸವನ್ನು ಮುರಿಯಿತು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಅವರು ಕೂರಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಇಲ್ಲಿ ಬೆರಳು ಹೋಗುವುದು ಅಕ್ಷರದ ಆಕಾರದ ಹಿಂದೆ ಅಲ್ಲ, ಉಚ್ಚಾರದ ಹಿಂದೆ. ‘ಸೂರ್ಯ’ ಬರೆಯುವಾಗ ಅರ್ಕಾವತ್ತು ಕಾಗದದ ಮೇಲೆ ‘ಯ’ದ ನಂತರ ಬಂದರೂ ನಾವು ಮೊದಲು ಹೇಳುವುದು ರಕಾರವನ್ನು, ಕೀಲಿಮಣೆಯಲ್ಲೂ ರಕಾರವೇ ಮೊದಲು. ನಮ್ಮ ವ್ಯಾಕರಣದ ತಿಳಿವಳಿಕೆಯನ್ನು ಯಂತ್ರಕ್ಕೆ ದಾಟಿಸಿದ ಕೆಲಸ ಇದು.

ಆದರೆ ಬೆರಳು ಅಕ್ಷರವನ್ನು ಕೊಟ್ಟರೂ ಕಡತ ಉಳಿಸಿಕೊಂಡದ್ದು ತುಂಡುಗಳನ್ನೇ. ಅಂದಿನ ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ ಇದ್ದದ್ದು 256 ಮನೆಗಳು. ಅಷ್ಟರೊಳಗೆ ಕನ್ನಡ ಹಿಡಿಯಬೇಕಾದರೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಒಡಲು, ಒತ್ತುಗಳನ್ನು ಕೂರಿಸಬೇಕಿತ್ತು. ಅಚ್ಚುಮೊಳೆಯ ಪೆಟ್ಟಿಗೆ ಹೊಸ ರೂಪದಲ್ಲಿ ಮರಳಿ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಅದಾಗಿ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಶ್ರೀಲಿಪಿ, ಆಕೃತಿಯಂತಹ ಪ್ರಕಾಶನದ ತಂತ್ರಾಂಶಗಳೂ ಇದ್ದವು. ಒಬ್ಬೊಬ್ಬರ ಪೆಟ್ಟಿಗೆಯಲ್ಲಿ ಮೊಳೆಗಳ ಜಾಗ ಒಂದೊಂದು ರೀತಿ. ರಾಜ್ಯ ಸರ್ಕಾರ ಒಂದು ಶಿಷ್ಟತೆ ತಂದ ಮೇಲೆ ಗೊಂದಲ ಕಡಿಮೆಯಾಯಿತು, ಆದರೆ ಆ ಶಿಷ್ಟತೆಯೂ ತುಂಡುಗಳದ್ದೇ.

ಇದನ್ನು ದಡ್ಡತನ ಎಂದರೆ ಅನ್ಯಾಯವಾಗುತ್ತದೆ. ಅಕ್ಷರವನ್ನು ಅಕ್ಷರವಾಗಿಯೇ ಉಳಿಸುವ ದಾರಿ ಅಷ್ಟು ಹೊತ್ತಿಗೆ ಗೊತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಸಂಕೇತ 1980ರ ದಶಕದಲ್ಲೇ ಸಿದ್ಧವಾಗಿತ್ತು, ಅದರ ಆಧಾರದ ಮೇಲೆ 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ 128 ಮನೆಗಳು ಸಿಕ್ಕಿದ್ದವು. ಆದರೆ ಸಂಕೇತಗಳನ್ನು ಒತ್ತಕ್ಷರವಾಗಿ ಜೋಡಿಸಿ ತೋರಿಸುವ ಶಕ್ತಿ ಮನೆಯ, ಕಚೇರಿಯ ಸಾಮಾನ್ಯ ಕಂಪ್ಯೂಟರಿಗೆ ಇರಲಿಲ್ಲ. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿ ಜೊತೆ, ‘ತುಂಗಾ’ ಫಾಂಟಿನೊಂದಿಗೆ. ಅಚ್ಚಿನ ಮನೆಗಳಲ್ಲಿ ಎಲ್ಲೆಲ್ಲೂ ಇದ್ದ ಪೇಜ್‌ಮೇಕರ್ ಕೊನೆಯವರೆಗೂ ಯುನಿಕೋಡ್ ಕಲಿಯಲೇ ಇಲ್ಲ. ನಾಳೆ ಪುಸ್ತಕ ಅಚ್ಚಿಗೆ ಹೋಗಬೇಕು, ಇವತ್ತು ಅರ್ಜಿ ಬೆರಳಚ್ಚಾಗಬೇಕು ಎಂದಿದ್ದವರಿಗೆ ಬರಹ, ನುಡಿಗಳೇ ದಿಕ್ಕು. ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ ಎಂಬ ಧೈರ್ಯವನ್ನು ಊರೂರಿಗೆ ಹಂಚಿದ್ದೂ ಅವೇ. ಮುಂದೆ ಅವೆರಡೂ ಯುನಿಕೋಡ್‌ಗೆ ಒಗ್ಗಿಕೊಂಡವು.

ಒಂದು ವ್ಯತ್ಯಾಸ ಮಾತ್ರ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ ಮೊಳೆಗಳು ಕರಗಿ ಹೋದರೂ ನಿಘಂಟನ್ನು ಓದಲು ಅಡ್ಡಿಯಿಲ್ಲ. ಮೊಳೆಯ ಕೆಲಸ ಕಾಗದದ ಮೇಲೆ ಮುಗಿದಿದೆ. ಕಡತ ಹಾಗಲ್ಲ. ಅದನ್ನು ತೆರೆದಾಗಲೆಲ್ಲ ಮೊಳೆಗಳು ಬೇಕು. ಫಾಂಟ್ ಕಳೆದುಹೋದರೆ ಓದು ಕಳೆದುಹೋಗುತ್ತದೆ. ಫಾಂಟ್ ಇದ್ದರೂ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ.

ಹಳತನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ. ನಾನೂ ಬಳಸಿದೆ, ಬಹುಪಾಲು ಸಾಲುಗಳು ಸರಿಯಾಗಿ ಬಂದವು. ಆದರೆ ಪರಿವರ್ತಕಕ್ಕೆ ಪಠ್ಯವನ್ನು ಅಂಟಿಸುವಾಗ ಫಾಂಟಿನ ಮಾಹಿತಿ ಉದುರಿಹೋಗುತ್ತದೆ, ಯಾವುದು ವೇಷ ಹಾಕಿದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅಧ್ಯಾಪಕರು ಆವರಣದಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿದ್ದ ಅಳತೆಗಳು, ಸಸ್ಯಗಳ ಹೆಸರುಗಳು ಓದಲಾಗದ ಕನ್ನಡದ ಚೂರುಗಳಾಗಿದ್ದವು. ಕೊನೆಗೆ ಹಳೆಯ ಫಾಂಟಿನಲ್ಲಿ ಮುದ್ರಿಸಿಕೊಂಡು, ಆ ಪುಟಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಿದ್ದಿದೆ. 61 ಪುಟಕ್ಕೆ ಹನ್ನೊಂದು ದಿನ ಹಿಡಿಯಿತು.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನ, ಕಡತ, ತಾಳೆಗರಿಗಳ ಬಗ್ಗೆ ಎಚ್ಚರದಿಂದಿರುತ್ತೇವೆ. ಮೋಡಿ ಲಿಪಿ ಓದಲು ಬಾರದಿದ್ದರೆ ಕಲಿಯಬೇಕು ಎಂಬುದೂ ಗೊತ್ತು. ಆದರೆ ಇಪ್ಪತ್ತು ವರ್ಷದ ಹಿಂದಿನ ಬರವಣಿಗೆ ಹಳತಾಗಿದೆ ಎಂದು ಅನ್ನಿಸುವುದೇ ಇಲ್ಲ. 1990ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಕನ್ನಡದಲ್ಲಿ ಬೆರಳಚ್ಚಾದ ಪಿಎಚ್.ಡಿ. ಪ್ರಬಂಧಗಳು, ಊರಿನ ಸ್ಮರಣ ಸಂಚಿಕೆಗಳು, ಜನಪದ ಸಂಗ್ರಹಗಳು, ಸಣ್ಣ ಪತ್ರಿಕೆಗಳ ಪುಟಗಳು ಬಹುಮಟ್ಟಿಗೆ ಈ ವೇಷದಲ್ಲೇ ಇವೆ. ಇಂದು ಅಂತರ್ಜಾಲದಲ್ಲಿ ಹುಡುಕುವವರಿಗೂ, ಕನ್ನಡ ಕಲಿಯುತ್ತಿರುವ ಯಂತ್ರಗಳಿಗೂ ಅವು ಇಲ್ಲದಂತೆಯೇ. ಯಾರೂ ಬಚ್ಚಿಟ್ಟದ್ದಲ್ಲ, ಯಾರೂ ಸುಟ್ಟದ್ದೂ ಅಲ್ಲ.

ನಿಮ್ಮ ಮನೆಯಲ್ಲಿ, ವಿಭಾಗದಲ್ಲಿ ಅಂತಹ ಸಿ.ಡಿ. ಇದ್ದರೆ ಮೂರು ಕೆಲಸ ಮಾಡಿ. ಮೂಲ ಕಡತವನ್ನು ಅಳಿಸಬೇಡಿ, ಯಾವ ತಂತ್ರಾಂಶದ್ದು ಎಂದು ಜೊತೆಯಲ್ಲೇ ಬರೆದಿಡಿ. ಸರಿಯಾದ ಫಾಂಟ್ ಹಾಕಿ ಪಿಡಿಎಫ್ ಮಾಡಿ. ಆಮೇಲೆ ಯುನಿಕೋಡ್‌ಗೆ ಬದಲಿಸಿ, ಪಿಡಿಎಫ್ ನೋಡಿಕೊಂಡು ತಿದ್ದಿ. ಬರೆದವರು ಬದುಕಿರುವಾಗಲೇ ಮಾಡುವುದು ಒಳ್ಳೆಯದು. ಪರಿವರ್ತಕ ಕೆಡಿಸಿದ ತೂಬಿನ ಭಾಗವೊಂದರ ಹೆಸರು ಮುದ್ರಣದಲ್ಲೂ ಮಸುಕಾಗಿತ್ತು. ಅಧ್ಯಾಪಕರಿಗೆ ಫೋನ್ ಮಾಡಿ ಕೇಳಿದೆ. ಕ್ಷಣವೂ ಯೋಚಿಸದೆ ಹೇಳಿದರು.

ತಿದ್ದಿದ ಕಡತದಲ್ಲಿ ಮತ್ತೆ ‘ಕೆರೆ’ ಎಂದು ಹುಡುಕಿದೆ. 214 ಕಡೆ ಸಿಕ್ಕಿತು.