ಬೇಲಿಯೇ ಹೊಲ ಮೇಯ್ದಾಗ

2020ರ ಮಾರ್ಚ್ ತಿಂಗಳನ್ನು ಗಡಿನಾಡಿನ ನಾವು ಮರೆಯುವಂತಿಲ್ಲ. ಕಾಸರಗೋಡಿನಿಂದ ಕರ್ನಾಟಕಕ್ಕೆ ಹೋಗುವ ಹಲವು ದಾರಿಗಳಿಗೆ ಮಣ್ಣು ಸುರಿದಿದ್ದರು. ಇತ್ತ ರೋಗಿ, ಅತ್ತ ಆಸ್ಪತ್ರೆ. ಆಸ್ಪತ್ರೆ ಸೇರಿದವರಿಗಾದರೂ ಕೊರೋನಾಕ್ಕೆ ಕೊಡಲು ನಂಬಬಹುದಾದ ಮದ್ದು ಇರಲಿಲ್ಲ. ಅಂಥ ಹೊತ್ತಿನಲ್ಲಿ ಜೀವ ಉಳಿಸುತ್ತದೆಂದು ಮೊದಲು ಸಾಬೀತಾದದ್ದು ಹೊಸ ಔಷಧಿಯಲ್ಲ. ಅಗ್ಗದ, ಹಳೆಯ ಡೆಕ್ಸಾಮೆಥಾಸೋನ್. ಅದರ ಕಥೆ ಕೇಳಿ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತದಿಂದ ನಡೆಯಲಾರದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ 1950ರ ನೊಬೆಲ್ ಬಹುಮಾನ ಬಂತು. ಅದೇ ದಶಕದ ಕೊನೆಗೆ, ಅದೇ ಕುಲದ, ಇನ್ನೂ ಪ್ರಬಲವಾದ ಡೆಕ್ಸಾಮೆಥಾಸೋನ್ ತಯಾರಾಯಿತು. ಉರಿಯೂತವನ್ನು ತಗ್ಗಿಸುವುದು ಇದರ ಗುಣ. ಮೈಯ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವುದು ಇದರ ದೋಷ.

ಹಾಗಾದರೆ ವೈರಸ್ ರೋಗಕ್ಕೆ ಇದೇಕೆ? ಕೊರೋನಾದ ಮೊದಲ ದಿನಗಳಲ್ಲಿ ವೈರಸ್ ಬೆಳೆಯುತ್ತದೆ. ರೋಗ ಬಿಗಡಾಯಿಸಿದವರಲ್ಲಿ, ಸುಮಾರು ಎರಡನೆಯ ವಾರದಲ್ಲಿ, ರಕ್ಷಣೆಗೆಂದು ಎದ್ದ ಶಕ್ತಿಯೇ ಮಿತಿಮೀರಿ ಶ್ವಾಸಕೋಶವನ್ನು ಕೆಡಿಸುತ್ತದೆ. ಗಾಳಿಗೂಡುಗಳಲ್ಲಿ ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಆದರೂ ವೈದ್ಯರು ಹಿಂಜರಿದರು. 2003ರ ಸಾರ್ಸ್ ಕಾಲದಲ್ಲಿ ಚೀನಾದಲ್ಲಿ ಹೆಚ್ಚು ಸ್ಟೀರಾಯ್ಡ್ ಪಡೆದು ಬದುಕಿದ ಹಲವರ ಮೂಳೆಗಳು ಹಾಳಾಗಿದ್ದವು. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಆರಂಭದಲ್ಲಿ, ಇದನ್ನು ವಾಡಿಕೆಯಾಗಿ ಕೊಡಬೇಡಿ ಎಂದಿತ್ತು. ವಾದದಿಂದ ತೀರದ ಪ್ರಶ್ನೆಯನ್ನು ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಪರೀಕ್ಷೆಗೆ ಒಡ್ಡಿದರು. ಚೀಟಿ ಎತ್ತಿದಂತೆ ಆರಿಸಿ 2104 ಜನರಿಗೆ ಈ ಮದ್ದು ಕೊಟ್ಟರು. 4321 ಜನರಿಗೆ ವಾಡಿಕೆಯ ಚಿಕಿತ್ಸೆ ಮಾತ್ರ. 2020ರ ಜೂನ್ 16ರಂದು ಫಲಿತಾಂಶ ಹೊರಬಂತು. ವೆಂಟಿಲೇಟರಿನಲ್ಲಿದ್ದವರಲ್ಲಿ ಮದ್ದಿಲ್ಲದೆ ನೂರಕ್ಕೆ 41 ಮಂದಿ ತೀರಿಕೊಂಡರೆ, ಮದ್ದು ಪಡೆದವರಲ್ಲಿ 29. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26ರ ಬದಲು 23. ಆದರೆ ಆಮ್ಲಜನಕವೇ ಬೇಕಿಲ್ಲದವರಿಗೆ ಮದ್ದಿನಿಂದ ಏನೂ ಲಾಭವಾಗಲಿಲ್ಲ. ಕೇಡಾಗುವ ಶಂಕೆಯೂ ಉಳಿಯಿತು.

ಕೇಳುಗರೇ, ಈ ಕೊನೆಯ ಮಾತನ್ನು ಗಂಟು ಹಾಕಿಕೊಳ್ಳಿ. ಮದ್ದು ಒಂದೇ, ಹೊತ್ತು ಬೇರೆ. ಮೊದಲೇ ಕೊಟ್ಟರೆ ಕಾವಲುಗಾರನ ಕೈ ಕಟ್ಟಿದಂತೆ. 2021ರಲ್ಲಿ ನಮ್ಮ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಜೀವವನ್ನೂ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆದವರು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ನಮ್ಮ ಊರುಗಳಲ್ಲಿ ಆಸ್ಪತ್ರೆ ದೂರ, ಔಷಧಿ ಅಂಗಡಿ ಹತ್ತಿರ. ಪಕ್ಕದ ಮನೆಯವರಿಗೆ ಬರೆದ ಚೀಟಿ ತೋರಿಸಿ ಗುಳಿಗೆ ತರುವ ರೂಢಿಯೂ ಉಂಟು. ಚೀಟಿ ಕನ್ನಡದ ಡಾಕ್ಟರದ್ದಿರಲಿ, ಮಲಯಾಳದ ಡಾಕ್ಟರದ್ದಿರಲಿ, ಅದರಲ್ಲಿ ಸ್ಟೀರಾಯ್ಡ್ ಇದೆಯೇ, ಎಷ್ಟು ದಿನಕ್ಕೆ ಎಂದು ನಿಮಗೆ ಬರುವ ಭಾಷೆಯಲ್ಲೇ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಕೇಳಲು ಸಂಕೋಚ ಬೇಡ.