ಕ್ರಕಟೋವ ದ್ವೀಪದ ಹೊಸ ಕಾಡು: ಒಂದು ಸಾಕ್ಷ್ಯವಿಚಾರ

ಬೆಂಕಿ, ಬಿರುಗಾಳಿ, ನೆರೆ, ಅಗ್ನಿಪರ್ವತ ಮೊದಲಾದ ಪ್ರಕೃತಿಯ ಉಪದ್ರವಗಳಿಂದ ಬರಿದಾದ ನೆಲವು ಕಾಲಕ್ರಮದಲ್ಲಿ ಮರಳಿ ಹಸುರನ್ನು ತಾಳುವುದೆಂಬುದು ಎಲ್ಲ ದೇಶಗಳ ಜನರೂ ಬಲ್ಲ ಸಂಗತಿಯೇ. ಆದರೆ ಆ ಮರುಹುಟ್ಟಿನಲ್ಲಿ ಒಂದು ಕ್ರಮವುಂಟು, ಒಂದು ಸಸ್ಯಸಮೂಹದ ತರುವಾಯ ಇನ್ನೊಂದು ಆ ನೆಲದ ಒಡೆತನಕ್ಕೆ ಬರುತ್ತದೆ ಎಂಬುದನ್ನು ಶಾಸ್ತ್ರರೀತಿಯಿಂದ ವಿಚಾರಿಸತೊಡಗಿದುದು ಈಚೆಗೆ. ಈ ಕ್ರಮಕ್ಕೆ ಸಸ್ಯಾನುಕ್ರಮವೆಂದು ಹೆಸರು. ಅಮೆರಿಕದ ಕೌಲ್ಸ್ ಅವರು ೧೮೯೯ರಲ್ಲಿ ಮಿಷಿಗನ್ ಸರೋವರದ ಮರಳುದಿಣ್ಣೆಗಳನ್ನು ಕುರಿತು ಬರೆದ ಪ್ರಬಂಧವೂ, ಕ್ಲೆಮೆಂಟ್ಸ್ ಅವರು ೧೯೧೬ರಲ್ಲಿ ಪ್ರಕಟಿಸಿದ ಗ್ರಂಥವೂ ಈ ಶಾಸ್ತ್ರದ ಅಡಿಗಲ್ಲುಗಳು. ಕ್ಲೆಮೆಂಟ್ಸ್ ಅವರ ಮತದಲ್ಲಿ ಸಸ್ಯಸಮೂಹವೆಂಬುದು ಒಂದು ಜೀವಿಯಂತೆ ಹುಟ್ಟಿ, ಬೆಳೆದು, ಪ್ರೌಢವಾಗತಕ್ಕುದು. ನಾಡಿನ ಹವೆಯು ಗೊತ್ತುಮಾಡಿದ ಒಂದೇ ಪರಿಣತಾವಸ್ಥೆಯ ಕಡೆಗೆ ಅದು ಸಾಗುವುದು. ಗ್ಲೀಸನ್ ಅವರು ೧೯೨೬ರಲ್ಲಿ ಇದನ್ನು ಅಲ್ಲಗಳೆದು, ಒಂದೊಂದು ಸಸ್ಯಜಾತಿಯೂ ತನ್ನ ಪಾಡಿಗೆ ತಾನು ಬಂದು ನೆಲಸುವುದೆಂದೂ, ಸಮೂಹವೆಂಬುದು ಹಾಗೆ ಬಂದವುಗಳ ಕೂಟವಲ್ಲದೆ ಬೇರೆಯಲ್ಲವೆಂದೂ ವಾದಿಸಿದರು.

ಈ ವಾದದ ತೀರ್ಮಾನಕ್ಕೆ ಬೇಕಾದುದು ಪ್ರತ್ಯಕ್ಷಪ್ರಮಾಣ. ಕೌಲ್ಸ್ ಅವರದು ಅನುಮಾನ: ಸರೋವರದ ಅಂಚಿನ ದಿಣ್ಣೆ ಎಳೆಯದು, ಒಳನಾಡಿನ ದಿಣ್ಣೆ ಹಳೆಯದು, ಆದುದರಿಂದ ಒಳಗಿನ ಕಾಡೇ ಅಂಚಿನ ಹುಲ್ಲಿನ ಮುಂದಣ ರೂಪ ಎಂದು ಅವರು ದೇಶಭೇದದಿಂದ ಕಾಲಭೇದವನ್ನು ಊಹಿಸಿದರು. ಏನೂ ಉಳಿಯದ ನೆಲವೊಂದನ್ನು ಮೊದಲಿನಿಂದ ಕಂಡವರ ಹೇಳಿಕೆ ದೊರೆತರೆ ಇಂಥ ಊಹೆಯ ಅಗತ್ಯವಿರದು. ಅಂಥ ನೆಲವೆಂದು ಲೋಕಪ್ರಸಿದ್ಧವಾದುದು ಜಾವಾ ಸುಮಾತ್ರಾಗಳ ನಡುವಣ ಸುಂಡಾ ಜಲಸಂಧಿಯ ಕ್ರಕಟೋವ ದ್ವೀಪ. ಅದರ ಕಥೆಯು ಪಠ್ಯಪುಸ್ತಕಗಳಲ್ಲಿ ಸಿದ್ಧಾಂತವೆಂಬಂತೆ ನಿಂತಿದೆ. ಆ ಕಥೆಗೆ ಆಧಾರವಾದ ಸಾಕ್ಷ್ಯಗಳು ಏನನ್ನು ಸಾಧಿಸುತ್ತವೆ, ಏನನ್ನು ಸಾಧಿಸಲಾರವು ಎಂಬುದೇ ಇಲ್ಲಿಯ ವಿಚಾರ.

೧. ಉತ್ಪಾತ

ಕ್ರಕಟೋವದ ಅಗ್ನಿಪರ್ವತವು ೧೮೮೩ನೆಯ ಇಸವಿ ಮೇ ೨೦ರಂದು ಎಚ್ಚತ್ತಿತು. ಆಗಸ್ಟ್ ೨೬, ೨೭ರಂದು ಉತ್ಪಾತವು ಪರಮಾವಧಿಯನ್ನು ಮುಟ್ಟಿತು. ೨೭ರ ಬೆಳಗಿನ ಮಹಾಸ್ಫೋಟದ ಸದ್ದು ಸುಮಾರು ೩,೦೦೦ ಮೈಲಿ ದೂರದ ರೋಡ್ರಿಗ್ಸ್ ದ್ವೀಪದಲ್ಲಿಯೂ ಕೇಳಿಸಿತು. ಎದ್ದ ತೆರೆಗಳು ಎರಡು ದಡಗಳ ಊರುಗಳನ್ನು ಬಳಿದುಕೊಂಡುಹೋದವು. ಸರಕಾರದ ಲೆಕ್ಕದಲ್ಲಿ ಸತ್ತವರು ೩೬,೪೧೭ ಜನ. ದ್ವೀಪದ ಮೂರರಲ್ಲಿ ಎರಡು ಪಾಲು ಕಡಲಿನಲ್ಲಿ ಇಲ್ಲವಾಯಿತು. ಉಳಿದುದು ರಕಾಟಾ ಎಂಬ ಸುಮಾರು ೨,೭೦೦ ಅಡಿ ಎತ್ತರದ ಶಿಖರದ ಒಂದು ಪಾರ್ಶ್ವ. ಅದರ ನೆರೆಯ ಸೆರ್ತುಂಗ್, ಪಂಜಾಂಗ್ ಎಂಬ ಸಣ್ಣ ದ್ವೀಪಗಳೂ ಉಳಿದವು. ಇವೆಲ್ಲವನ್ನೂ ಸುಡುವ ಬೂದಿಯೂ ನೊರೆಗಲ್ಲೂ ಮುಚ್ಚಿದವು. ಆ ಹೊದಿಕೆಯ ದಪ್ಪ ಸರಾಸರಿ ೧೦೦ ಅಡಿ. ಹತ್ತಿರದ ಸೆಬೆಸಿ ದ್ವೀಪವು ರಕಾಟಾದಿಂದ ಸುಮಾರು ೧೨ ಮೈಲಿ ದೂರದಲ್ಲಿದೆ; ಅದೂ ಬೂದಿಯಲ್ಲಿ ಹೂತುಹೋಗಿತ್ತು. ಜಾವಾ ಸುಮಾತ್ರಾಗಳ ದಡಗಳು ಅದರ ಇಮ್ಮಡಿಗಿಂತ ದೂರ.

೨. ಸಾಕ್ಷಿಗಳು

ಉತ್ಪಾತದ ಎರಡು ತಿಂಗಳೊಳಗೆ, ಅಕ್ಟೋಬರಿನಲ್ಲಿ, ಭೂಶಾಸ್ತ್ರಜ್ಞರಾದ ವರ್ಬೇಕ್ ಅವರು ಸರಕಾರದ ಪರವಾಗಿ ದ್ವೀಪಕ್ಕೆ ಹೋದರು. ಅವರು ಜೀವದ ಕುರುಹನ್ನು ಕಾಣಲಿಲ್ಲ. ೧೮೮೪ರ ಮೇ ತಿಂಗಳಲ್ಲಿ ಬಂದ ಫ್ರೆಂಚ್ ತಂಡದವರಾದ ಕೊತ್ತೋ ಅವರು ಹುಡುಕಿ ಹುಡುಕಿ ಒಂದೇ ಒಂದು ಅತಿಸಣ್ಣ ಜೇಡವನ್ನು ಕಂಡರು. ತಿನ್ನಲು ಹುಳುವಿಲ್ಲದ ಆ ಮರುಭೂಮಿಯಲ್ಲಿ ಅದು ಬಲೆಯನ್ನು ನೇಯುತ್ತಿತ್ತು. ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು ತೇಲುವ ಕ್ಷುದ್ರ ಜೇಡಗಳು ಕಡಲನ್ನು ದಾಟಬಲ್ಲವೆಂಬುದು ತಿಳಿದ ವಿಷಯ.

ಸಸ್ಯಗಳ ಮೊದಲ ಪಟ್ಟಿಯನ್ನು ಮಾಡಿದವರು ಬೋಯಿಟೆನ್‌ಜೋರ್ಗ್, ಎಂದರೆ ಈಗಿನ ಬೋಗೋರ್, ಸಸ್ಯೋದ್ಯಾನದ ಅಧ್ಯಕ್ಷರಾಗಿದ್ದ ಟ್ರೂಬ್ ಅವರು. ೧೮೮೬ರ ಜೂನ್ ತಿಂಗಳಲ್ಲಿ ಅವರು ಕಂಡುದು ೧೧ ಜಾತಿಯ ಜರಿಗಿಡಗಳು, ಹೂಬಿಡುವ ಸಸ್ಯಗಳು ಸುಮಾರು ೧೫ ಜಾತಿ. ಒಳನಾಡಿನಲ್ಲಿ ಜರಿಗಿಡಗಳದೇ ಪ್ರಾಬಲ್ಯ. ಬೂದಿಯ ಮೇಲೆ ನೀಲಹರಿತ ಪಾಚಿಯ ಲೋಳೆಯಂಥ ತೆಳುಪದರವು ಹರಡಿತ್ತು. ಈ ಪದರವೇ ತೇವವನ್ನು ಹಿಡಿದು ಜರಿಗಿಡಗಳ ಬೀಜಾಣುಗಳಿಗೆ ತೊಟ್ಟಿಲಾಯಿತೆಂದೂ, ಜರಿಗಿಡಗಳು ಮುಂದೆ ಹೂಗಿಡಗಳಿಗೆ ನೆಲವನ್ನು ಹದಗೊಳಿಸುವುವೆಂದೂ ಟ್ರೂಬ್ ಅವರು ೧೮೮೮ರಲ್ಲಿ ಬರೆದರು. ಮೊದಲಿನವು ಮುಂದಿನವುಗಳಿಗೆ ದಾರಿಮಾಡಿ ತಾವು ಸರಿಯುವುವೆಂಬ ಅನುಕ್ರಮತತ್ತ್ವವು ಹೀಗೆ ಕ್ಲೆಮೆಂಟ್ಸ್ ಅವರ ಗ್ರಂಥಕ್ಕೆ ಸುಮಾರು ಮೂವತ್ತು ವರ್ಷ ಮುಂಚೆಯೇ ಈ ದ್ವೀಪದ ನಿಮಿತ್ತವಾಗಿ ಹೊರಬಿದ್ದಿತು.

ಪೆನ್ಸಿಗ್ ಮೊದಲಾದವರು ೧೮೯೭ರಲ್ಲಿ ಹೋದಾಗ ಒಳನಾಡು ಎತ್ತರದ ಹುಲ್ಲುಗಾವಲಾಗಿತ್ತು. ಅದರಲ್ಲಿ ಮುಖ್ಯವಾದುದು ಕಾಶ. ಸಂಸ್ಕೃತ ಕವಿಗಳ ಶರದೃತುವಿನ ವರ್ಣನೆಗಳಲ್ಲಿ ವಾಚಕರು ಕಂಡಿರುವ ಬೆಳ್ಳನೆಯ ತೆನೆಯ ಹುಲ್ಲೇ ಇದು. ೧೯೦೬ರಲ್ಲಿ ಸ್ವಿಸ್ ವಿದ್ವಾಂಸರಾದ ಎರ್ನ್ಸ್ಟ್ ಅವರು ದಡದ ಉದ್ದಕ್ಕೂ ಕಿರುಗಾಡನ್ನು ಕಂಡರು. ಮರಳಿನ ಮೇಲೆ ಹರಿಯುವ ಅಡುಂಬು ಬಳ್ಳಿ, ಸುರಹೊನ್ನೆ, ಕಾಡುಬಾದಾಮಿ, ಗಾಳಿಮರ, ತೆಂಗು ಮುಂತಾದ ಈ ದ್ವೀಪಗಳ ದಡದ ಸಸ್ಯಗಳಲ್ಲಿ ಹಲವು ಕನ್ನಡ ಕರಾವಳಿಯವರಿಗೂ ಪರಿಚಿತವಾದವು. ಉಪ್ಪುನೀರಿನಲ್ಲಿ ತೇಲಿ ಕೆಡದ ಬೀಜ ಇಂಥವುಗಳಿಗೆ ಇರುವುದೇ ಇದಕ್ಕೆ ಕಾರಣ. ಬಳಿಕ ಹಕ್ಕಿಗಳೂ ಬಾವಲಿಗಳೂ ಹಣ್ಣಿನ ಬೀಜಗಳನ್ನು ಹೊತ್ತು ತಂದವು. ಅತ್ತಿಯ ಕುಲದ ಮರಗಳು ಹುಲ್ಲಿನ ನಡುವೆ ತಲೆಯೆತ್ತಿ, ಇನ್ನಷ್ಟು ಹಕ್ಕಿಗಳನ್ನು ಕರೆದವು. ಆ ಹಕ್ಕಿಗಳು ಇನ್ನಷ್ಟು ಬೀಜಗಳನ್ನು ಉದುರಿಸಿದವು. ಡಾಕ್ಟರ್ಸ್ ವಾನ್ ಲೇವೆನ್ ಅವರು ೧೯೧೯ರಿಂದ ಹಲವು ಬಾರಿ ಹೋಗಿ ಕಂಡುದನ್ನು ೧೯೩೬ರ ಗ್ರಂಥದಲ್ಲಿ ಕ್ರೋಡೀಕರಿಸಿದರು. ೧೯೩೦ರ ವೇಳೆಗೆ ಹುಲ್ಲುಗಾವಲು ಬಹುಮಟ್ಟಿಗೆ ಮರೆಯಾಗಿ ಕಾಡು ಕವಿದಿತ್ತು. ಪ್ರಾಣಿಗಳ ವಿಷಯವನ್ನು ಡಾಮರ್‌ಮನ್ ಅವರು ೧೯೪೮ರಲ್ಲಿ ಪ್ರಕಟಿಸಿದರು.

೩. ಆಕ್ಷೇಪ

ಈ ಸಾಕ್ಷ್ಯಪರಂಪರೆಯನ್ನು ಬುಡದಲ್ಲಿಯೇ ಅಲುಗಿಸಿದವರು ಜಾವಾದ ಸಸ್ಯಗಳ ವಿಷಯದಲ್ಲಿ ಅದ್ವಿತೀಯರೆನಿಸಿದ ಬಾಕರ್ ಅವರು. ದ್ವೀಪವನ್ನು ತಾವೇ ಹೊಕ್ಕು ನೋಡಿದ್ದ ಅವರು ೧೯೨೯ರಲ್ಲಿ ಒಂದು ಗ್ರಂಥವನ್ನು ಬರೆದು, ಕ್ರಕಟೋವದ ಜೀವರಾಶಿಯೆಲ್ಲ ನಾಶವಾಯಿತೆಂಬುದನ್ನು ಯಾರೂ ಸಿದ್ಧಪಡಿಸಿಲ್ಲವೆಂದು ಸಾರಿದರು. ಅವರ ವಾದದ ಸಾರವಿದು. ಮೊದಲ ಸಂದರ್ಶಕರು ಅಲ್ಪಕಾಲ ಮಾತ್ರ ಅಲ್ಲಿದ್ದರು. ಎತ್ತರದ ಕಡಿದಾದ ಇಳಿಜಾರುಗಳನ್ನು ಅವರು ಶೋಧಿಸಲಿಲ್ಲ. ಮಳೆಯು ಬೂದಿಯನ್ನು ಕೊಚ್ಚಿ ಹಳೆಯ ನೆಲವನ್ನು ಬಯಲುಮಾಡಿದ ಅಂಥ ಕಡೆಗಳಲ್ಲಿ ಬೇರೋ ಗಡ್ಡೆಯೋ ಬೀಜವೋ ಉಳಿದಿರಬಾರದೇಕೆ? ಅದೂ ಅಲ್ಲದೆ, ೧೮೮೩ಕ್ಕೆ ಹಿಂದೆ ಅಲ್ಲಿ ಏನೇನು ಬೆಳೆದಿತ್ತೆಂಬುದಕ್ಕೆ ಕ್ರಮವಾದ ಪಟ್ಟಿಯೇ ಇಲ್ಲ. ಹಿಂದಿನದು ತಿಳಿಯದಿರುವಲ್ಲಿ ಹೊಸದಾವುದು, ಹಳೆಯದಾವುದು ಎಂದು ಹೇಳುವ ಬಗೆ ಹೇಗೆ?

ಎರಡನೆಯ ಮಾತು ಇತಿಹಾಸದ ದೃಷ್ಟಿಯಿಂದಲೂ ತೂಕವುಳ್ಳದ್ದು. ಕ್ಯಾಪ್ಟನ್ ಕುಕ್ ಅವರ ಮೂರನೆಯ ಯಾನದ ಹಡಗುಗಳು, ಅವರು ಮಡಿದ ಮರುವರ್ಷ, ೧೭೮೦ರಲ್ಲಿ, ಕ್ರಕಟೋವವನ್ನು ಮುಟ್ಟಿದುವು. ಚಿತ್ರಕಾರರಾದ ವೆಬರ್ ಅಲ್ಲಿಯ ಸೊಂಪಾದ ಕಾಡನ್ನು ಚಿತ್ರಿಸಿದರು. ಆದರೆ ೧೬೮೦ರಲ್ಲಿಯೂ ಈ ಪರ್ವತವು ಬೆಂಕಿಯುಗುಳಿತೆಂದು ಪ್ರಯಾಣಿಕರ ಬರಹಗಳುಂಟು. ಹಾಗಿದ್ದಲ್ಲಿ ವೆಬರ್ ಕಂಡ ಕಾಡೇ ಒಂದು ಮರುಹುಟ್ಟಾಗಿದ್ದೀತು. ಮೂಲಪ್ರತಿ ಎಲ್ಲಿಯೂ ದೊರೆಯದು. ಇರುವುದೆಲ್ಲ ಪ್ರತಿಯ ಮೇಲಣ ಪ್ರತಿ.

ಮೊದಲನೆಯ ಮಾತು ಪ್ರಮಾಣಶಾಸ್ತ್ರಕ್ಕೆ ಸೇರಿದುದು. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪುವರು. ಆದರೆ ಕಾಣದಿರುವುದೆಲ್ಲ ಇಲ್ಲವೆಂದಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಲ್ಲಿ ಮಾತ್ರ ಅದರ ಅಭಾವವು ಸಿದ್ಧವಾಗುತ್ತದೆ. ವರ್ಬೇಕ್ ಅವರಿಗೆ ಜೀವವು ಕಾಣಲಿಲ್ಲವೆಂಬುದು ಸತ್ಯ. ಬೂದಿಯಡಿಯ ಗಡ್ಡೆಯೊಂದು ಇದ್ದಿದ್ದರೆ ಅವರಿಗೆ ಕಾಣುತ್ತಿತ್ತೆಂಬುದು ಸಿದ್ಧವಲ್ಲ. ಬಾಕರ್ ಅವರ ಆಕ್ಷೇಪಕ್ಕೆ ಈ ಭಾಗದಲ್ಲಿ ಉತ್ತರವಿಲ್ಲ.

ಅವರ ಸಂದೇಹವು ಕೇವಲ ತರ್ಕದ್ದಲ್ಲವೆಂಬುದನ್ನು ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತವು ಬಳಿಕ ತೋರಿಸಿತು. ೧೯೮೦ನೆಯ ಮೇ ೧೮ರಂದು ಅದು ಸಿಡಿದಾಗ ಸುತ್ತಣ ಕಾಡೆಲ್ಲ ಅಳಿಯಿತೆಂದು ಮೊದಲು ತೋರಿತು. ಆದರೆ ಹಿಮದಡಿಯಲ್ಲಿ ಹುದುಗಿದ್ದ ಸಸಿಗಳೂ ಬಿಲದಲ್ಲಿದ್ದ ಗೋಫರ್ ಎಂಬ ದಂಶಕಗಳೂ ಅನೇಕ ಕಡೆ ಬದುಕಿದ್ದವು. ಆ ಪ್ರಾಣಿಗಳು ನೆಲವನ್ನು ತೋಡಿ ಹಳೆಯ ಮಣ್ಣನ್ನು ಬೂದಿಯ ಮೇಲಕ್ಕೆ ತಂದವು. ಚೇತರಿಕೆಯ ವೇಗವೂ ರೂಪವೂ ಬಹುಮಟ್ಟಿಗೆ ಈ ಅವಶೇಷಗಳನ್ನು ಅವಲಂಬಿಸಿದ್ದವು.

೪. ಪರಿಶೀಲನೆ

ಹಾಗಾದರೆ ಕ್ರಕಟೋವದ ಸಾಕ್ಷ್ಯವೆಲ್ಲವೂ ವ್ಯರ್ಥವೋ? ಹಾಗೆನ್ನಲಾಗದು. ನೇರವಾದ ಸಾಕ್ಷ್ಯವು ಮೌನವಾಗಿರುವಲ್ಲಿ, ಬಂದ ಸಸ್ಯಗಳ ಜಾತಿಲಕ್ಷಣವೇ ಸಾಕ್ಷಿನುಡಿಯುತ್ತದೆ. ೧೮೮೬ರ ಪಟ್ಟಿಯಲ್ಲಿರುವುವು ಹೆಚ್ಚಾಗಿ ಗಾಳಿಯಲ್ಲಿ ಹಾರುವ ಬೀಜಾಣುಗಳ ಜರಿಗಿಡಗಳು, ತುಪ್ಪುಳುಬೀಜದ ಗಿಡಗಳು, ಕಡಲಿನಲ್ಲಿ ತೇಲುವ ಬೀಜದ ದಡದ ಸಸ್ಯಗಳು. ಹಣ್ಣುಬೀಜಗಳ ಮರಗಳು ಹೆಚ್ಚಿದುದು ಹಕ್ಕಿಗಳು ಬಂದ ಬಳಿಕ. ಬೇರುಗಡ್ಡೆಗಳಿಂದ ಕಾಡು ಚಿಗುರಿದ್ದರೆ ಈ ದಾರಿಗಳ ಕ್ರಮವು ಇಷ್ಟು ಸ್ಪಷ್ಟವಾಗಿ ಕಾಣಬೇಕಾದ ಕಾರಣವಿಲ್ಲ. ಇನ್ನೊಂದು ಸಂಗತಿಯೂ ಉಂಟು. ಸುಂಡಾ ದೇಶಗಳ ಪ್ರೌಢವನಗಳಲ್ಲಿ ಪ್ರಧಾನವಾದುದು ಸಾಲವೃಕ್ಷದ ಕುಲ. ಸಹ್ಯಾದ್ರಿಯ ಧೂಪದ ಮರವೂ ಇದಕ್ಕೆ ಸೇರಿದುದೇ. ಇದರ ಬೀಜಗಳು ಭಾರವಾದವು, ಬೇಗ ಕೆಡುವಂಥವು, ಅಗಲವಾದ ಕಡಲನ್ನು ದಾಟಲಾರವು. ನೂರು ವರ್ಷ ಕಳೆದ ಮೇಲೂ ಕ್ರಕಟೋವದ ಕಾಡಿನಲ್ಲಿ ಈ ಕುಲದ ಮರಗಳು ದೊರೆಯಲಿಲ್ಲ. ದೊಡ್ಡ ಮರವು ಕಾಡಿನಲ್ಲಿದ್ದರೆ ಕಾಣತಕ್ಕುದು. ಆದುದರಿಂದ ಇಲ್ಲಿ ಅನುಪಲಬ್ಧಿಯು ಪ್ರಮಾಣವಾಗಬಲ್ಲುದು. ಎಲ್ಲವೂ ಅಳಿಯಿತೆಂಬುದು ಇದರಿಂದ ಸಿದ್ಧವಾಗದಿದ್ದರೂ, ಕಾಡಿನ ಬಹುಭಾಗವು ಕಡಲಾಚೆಯಿಂದ ಬಂದಿತೆಂಬುದು ದೃಢವಾಗುತ್ತದೆ.

ಬಾಕರ್ ಅವರ ಸಂದೇಹಕ್ಕೆ ಎಡೆಯಿಲ್ಲದ ನೆಲವನ್ನು ಕಡಲೇ ಒದಗಿಸಿತು. ಹಳೆಯ ಪರ್ವತವಿದ್ದ ಎಡೆಯಲ್ಲಿ ೧೯೨೭ರ ಕೊನೆಗೆ ನೀರಿನಡಿಯಿಂದ ಹೊಸ ಉದ್ಗಾರವು ಮೊದಲಾಗಿ, ೧೯೩೦ರಲ್ಲಿ ಒಂದು ದ್ವೀಪವು ಸ್ಥಿರವಾಗಿ ನಿಂತಿತು. ಅದಕ್ಕೆ ಅನಕ್ ಕ್ರಕಟೋವ, ಎಂದರೆ ಕ್ರಕಟೋವದ ಕೂಸು, ಎಂದು ಹೆಸರಾಯಿತು. ಸಮುದ್ರಗರ್ಭದಿಂದ ಬಂದ ನೆಲದಲ್ಲಿ ಹಳೆಯ ಬೇರಿನ ಮಾತೇ ಇಲ್ಲ. ಅಲ್ಲಿಯೂ ಸಸ್ಯಗಳು ಬಂದು ನೆಲಸಿದವು. ಆದರೆ ೧೯೫೨ರ ಉದ್ಗಾರವು ಅವನ್ನು ಅಳಿಸಿತು, ಅನುಕ್ರಮವು ಮತ್ತೆ ಮೊದಲಿನಿಂದ ತೊಡಗಿತು. ೨೦೧೮ನೆಯ ಡಿಸೆಂಬರ್ ೨೨ರಂದು ಅದರ ಪಾರ್ಶ್ವವು ಕಡಲಿಗೆ ಕುಸಿದು, ಎದ್ದ ತೆರೆಗಳಿಗೆ ನಾನೂರಕ್ಕೂ ಹೆಚ್ಚು ಜನ ಬಲಿಯಾದರು; ಸುಮಾರು ೧,೧೦೦ ಅಡಿಯಿದ್ದ ಶಿಖರವು ಸುಮಾರು ೩೬೦ ಅಡಿಗೆ ಇಳಿಯಿತು.

೫. ಮೂರು ದ್ವೀಪಗಳು

ಕ್ರಕಟೋವದ ದಾಖಲೆಗಳಲ್ಲಿ ಅತ್ಯಂತ ಬೆಲೆಯುಳ್ಳ ಪಾಠವು ನಾಶವು ಪೂರ್ಣವೋ ಅಪೂರ್ಣವೋ ಎಂಬ ವಾದದ ಆಚೆಗಿದೆ. ರಕಾಟಾ, ಸೆರ್ತುಂಗ್, ಪಂಜಾಂಗ್ ಈ ಮೂರೂ ಒಂದೇ ದಿನ ಸುಟ್ಟವು. ಒಂದೇ ಹವೆ, ಒಂದೇ ಮಳೆ, ಒಂದೇ ಬೂದಿ. ಕ್ಲೆಮೆಂಟ್ಸ್ ಅವರ ಮತವು ಪೂರ್ಣವಾಗಿ ಸರಿಯಾಗಿದ್ದರೆ ಮೂರರಲ್ಲಿಯೂ ಒಂದೇ ಬಗೆಯ ಕಾಡು ಬೆಳೆಯಬೇಕಾಗಿತ್ತು. ನಡೆದುದು ಬೇರೆ. ೧೯೭೯ರಿಂದ ಮುಂದಣ ಶೋಧನೆಗಳಲ್ಲಿ ರಕಾಟಾದ ಒಳನಾಡು ಕದಂಬದ ಬಳಗದ ನಿಯೋನಾಕ್ಲಿಯಾ ಮರಗಳ ವಶವಾಗಿರುವುದೂ, ಉಳಿದೆರಡರಲ್ಲಿ ಕಾಫಿಯ ಕುಟುಂಬದ ಟಿಮೋನಿಯಸ್, ಬೇವಿನ ಕುಟುಂಬದ ಡೈಸಾಕ್ಸಿಲಮ್ ಮರಗಳು ಮೇಲಾಗಿರುವುದೂ ಕಂಡುಬಂದಿತು. ಅನಕ್ ಕ್ರಕಟೋವದ ಬೂದಿಯು ಆ ಎರಡು ದ್ವೀಪಗಳ ಮೇಲೆ ಮತ್ತೆ ಮತ್ತೆ ಸುರಿದುದು ಕಾರಣವೆಂದು ಕೆಲವರು. ಯಾವ ಬೀಜವು ಯಾವ ದಡಕ್ಕೆ ಮೊದಲು ಬಂದಿತೆಂಬ ಆಕಸ್ಮಿಕವೇ ಕಾರಣವೆಂದು ಕೆಲವರು. ಎರಡೂ ಪಕ್ಷಗಳಲ್ಲಿ ಹವೆಯೊಂದೇ ಕಾಡನ್ನು ಗೊತ್ತುಮಾಡಲಿಲ್ಲವೆಂಬುದು ಸಮಾನ.

ಹಕ್ಕಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಮೆಕಾರ್ಥರ್, ವಿಲ್ಸನ್ ಅವರು ೧೯೬೭ರ ತಮ್ಮ ಗ್ರಂಥದಲ್ಲಿ ಹಳೆಯ ಪಟ್ಟಿಗಳನ್ನು ತುಲನೆಮಾಡಿದರು. ರಕಾಟಾದಲ್ಲಿ ನೆಲೆಸಿದ ಹಕ್ಕಿಗಳು ೧೯೦೮ರಲ್ಲಿ ೧೩ ಜಾತಿ, ೧೯೨೧ರ ವೇಳೆಗೆ ೨೭, ೧೯೩೪ರ ವೇಳೆಗೂ ೨೭. ಸಂಖ್ಯೆಯು ನಿಂತಿತು, ಆದರೆ ಹಕ್ಕಿಗಳು ಅವೇ ಅಲ್ಲ. ಕೆಲವು ಜಾತಿಗಳು ಇಲ್ಲವಾಗಿ ಅಷ್ಟೇ ಹೊಸವು ಬಂದಿದ್ದವು. ಬಯಲನ್ನು ನೆಚ್ಚಿದವಕ್ಕೆ, ಕಾಡು ಕವಿದ ಮೇಲೆ, ಎಡೆ ತಪ್ಪಿತು. ಟ್ರೂಬ್ ಅವರು ಕಂಡ ಸಹಾಯದ ಸಂಬಂಧವು ಅನುಕ್ರಮದ ಒಂದು ಮುಖ ಮಾತ್ರ. ಮೊದಲು ಬಂದವು ಬಳಿಕ ಬರುವವುಗಳನ್ನು ತಡೆಯುವುದೂ, ನೆರವೂ ತಡೆಯೂ ಇಲ್ಲದೆ ಸಹಿಸಿ ಬೆಳೆಯುವುದೂ ಉಂಟೆಂದು ಕಾನೆಲ್, ಸ್ಲೇಟಿಯರ್ ಅವರು ೧೯೭೭ರಲ್ಲಿ ವಿಂಗಡಿಸಿದರು.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಕ್ರಕಟೋವವು ಶೂನ್ಯದಿಂದ ಕಾಡು ಹುಟ್ಟಿದುದಕ್ಕೆ ನಿರ್ವಿವಾದವಾದ ನಿದರ್ಶನವಲ್ಲ. ಆ ಮಟ್ಟಿಗೆ ಬಾಕರ್ ಅವರ ಆಕ್ಷೇಪವು ನಿಲ್ಲುತ್ತದೆ. ಜೀವವು ಯಾವ ದಾರಿಗಳಿಂದ, ಯಾವ ಸರದಿಯಲ್ಲಿ ಬಂದಿತೆಂಬುದಕ್ಕೆ ಅದರ ದಾಖಲೆಗಳು ಬಲವಾದ ಪ್ರಮಾಣ. ಇನ್ನು ಚೇತರಿಕೆಯೆಂದರೆ ಅಳಿದುದು ಹಾಗೆಯೇ ಮರಳುವುದೆಂಬ ಸಾಮಾನ್ಯ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ೧೮೮೩ರ ಕಾಡು ಯಾವುದೆಂದು ಬಲ್ಲವರಿಲ್ಲ. ಅದರ ಎಡೆಯಲ್ಲಿ ಮೂರು ದ್ವೀಪಗಳಲ್ಲಿ ಬೇರೆಬೇರೆ ಕಾಡುಗಳು ಬೆಳೆದವು. ಉತ್ಪಾತಕ್ಕೆ ಮುನ್ನ ಯಾರಾದರೂ ಒಂದು ಪಟ್ಟಿಯನ್ನು ಮಾಡಿಟ್ಟಿದ್ದರೆ ಈ ವಾದದ ಅರ್ಧವು ಹುಟ್ಟುತ್ತಿರಲಿಲ್ಲ. ಇಂದು ಸೊಂಪಾಗಿ ನಿಂತಿರುವ ಕಾಡುಗಳ ಸಸ್ಯಗಳನ್ನೂ ಪ್ರಾಣಿಗಳನ್ನೂ ಎಣಿಸಿ ಬರೆದಿಡುವ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆಯು ಬೇಕಾಗಿಲ್ಲ.